ಸೊಕ್ಕೆಯ ಮೂವರು ತಿಪ್ಪೇಸ್ವಾಮಿಗಳನ್ನು ನಾನು ಒಬ್ಬರನ್ನಾಗಿ ಮಾಡಿದ್ದು

ನನಗೆ ಕಂಪ್ಯೂಟರ್ ಚೆನ್ನಾಗಿ ಬರುತ್ತದೆ ಎಂಬ ಸುದ್ದಿಯನ್ನು ಜಗಳೂರಿನಲ್ಲಿ ಹಬ್ಬಿಸಿದವನು ನಾನೇ. ಆದರೆ ನಂಬಿದವರು ಬೇರೆಯವರು. ಹಾಗಾಗಿ ಆಮೇಲೆ ಆದದ್ದರಲ್ಲಿ ಅರ್ಧ ಪಾಲು ಅವರದೂ ಇದೆ ಎಂದು ಇವತ್ತಿಗೂ ವಾದಿಸುತ್ತೇನೆ. ಕೇಳುವವರು ಮಾತ್ರ ಯಾರೂ ಇಲ್ಲ.

ದಾವಣಗೆರೆಯಲ್ಲಿ ನಾನು ಕಂಪ್ಯೂಟರ್ ಡಿಪ್ಲೊಮಾ ಮಾಡಿದ ಕಾಲದಲ್ಲಿ ಕಂಪ್ಯೂಟರ್ ಇಟ್ಟ ಕೋಣೆಗೆ ಚಪ್ಪಲಿ ಹೊರಗೆ ಬಿಟ್ಟು ಹೋಗಬೇಕಿತ್ತು. ಆ ಭಯಭಕ್ತಿಯನ್ನು ಬಿಟ್ಟರೆ ಕಲಿತದ್ದು ಬಹುಮಟ್ಟಿಗೆ ಮರೆತುಹೋಗಿದೆ. ಆದರೂ ಆ ಸರ್ಟಿಫಿಕೇಟಿನ ದಯೆಯಿಂದ ಕುರಿ ಸಾಕುವವರ ಒಂದು ಸಂಘದಲ್ಲಿ ಕೆಲಸ ಸಿಕ್ಕಿತು. ಸಂಘದ ಹೆಸರು ಬೇಡ. ಬರೆದರೆ ಅಧ್ಯಕ್ಷರು ಬೇಸರ ಮಾಡಿಕೊಳ್ಳುತ್ತಾರೆ. ಅವರು ಈಗಾಗಲೇ ನನ್ನ ದೆಸೆಯಿಂದ ಬೇಕಾದಷ್ಟು ಬೇಸರ ಮಾಡಿಕೊಂಡಿದ್ದಾರೆ.

ನನ್ನ ಕೆಲಸ ಸರಳವಾಗಿತ್ತು. ಸದಸ್ಯರ ವಿವರವೆಲ್ಲ ಕಂಪ್ಯೂಟರಿನೊಳಗೆ ಒಂದು ಕೋಷ್ಟಕದಲ್ಲಿರುತ್ತಿತ್ತು. ಹೆಸರು, ತಂದೆ ಅಥವಾ ಗಂಡನ ಹೆಸರು, ಊರು, ಫೋನ್ ನಂಬರ್, ಎಷ್ಟು ಕುರಿ. ಒಬ್ಬ ಸದಸ್ಯನಿಗೆ ಒಂದು ಸಾಲು. ಪ್ರತಿ ಸಾಲಿಗೂ ಕಂಪ್ಯೂಟರ್ ತಾನಾಗಿಯೇ ಒಂದು ಕ್ರಮಸಂಖ್ಯೆ ಕೊಡುತ್ತಿತ್ತು. ಕುರಿಗಳಿಗೆ ಲಸಿಕೆ ಹಾಕುವ ದಿನ ಬಂದರೆ ಎಲ್ಲರಿಗೂ ಮೆಸೇಜ್ ಕಳಿಸುವುದು, ಎಷ್ಟು ಕುರಿಗೆ ಲಸಿಕೆ ಬೇಕೆಂದು ಪಟ್ಟಿ ತೆಗೆದು ಪಶುವೈದ್ಯರಿಗೆ ಕೊಡುವುದು. ಇಷ್ಟೇ.

ಆದರೆ ನಮ್ಮ ಕಂಪ್ಯೂಟರಿಗೆ ವಯಸ್ಸಾಗಿತ್ತು. ಸೇವ್ ಗುಂಡಿ ಒತ್ತಿದರೆ ಅದು ಸುಮ್ಮನೆ ಕೂರುತ್ತಿತ್ತು. ಕೇಳಿಸಲಿಲ್ಲವೇನೋ ಎಂದು ನಾನು ಮತ್ತೊಮ್ಮೆ ಒತ್ತುತ್ತಿದ್ದೆ. ಅದಕ್ಕೆ ಎರಡೂ ಸಲ ಕೇಳಿಸಿರುತ್ತಿತ್ತು! ಇನ್ನು ಸದಸ್ಯರೂ ಕಡಿಮೆಯವರಲ್ಲ. ಸರ್ಕಾರದ ಯಾವುದೋ ಹೊಸ ಯೋಜನೆ ಬಂತೆಂದರೆ ಸಾಕು, “ನಮ್ಮ ಹೆಸರು ಬಿಟ್ಟುಹೋಗಿದ್ರೆ ಕಷ್ಟ, ಇನ್ನೊಂದ್ಸಲ ಬರ್ಕೊಳ್ರಿ” ಎಂದು ಬರುತ್ತಿದ್ದರು. ನಾನು ಬರೆದುಕೊಳ್ಳುತ್ತಿದ್ದೆ. ಹೀಗೆ ಬಹಳಷ್ಟು ಸದಸ್ಯರು ಕೋಷ್ಟಕದಲ್ಲಿ ಎರಡಾಗಿ, ಮೂರಾಗಿ ಕೂತಿದ್ದರು.

ಇದು ಹೊರಬಿದ್ದದ್ದು ಜಗಳೂರಿನಲ್ಲಿ ಹಿರೇಬೇನೆ ಲಸಿಕೆ ಹಾಕಿದ ದಿನ. ಹಿರೇಬೇನೆ ಕುರಿಗಳಿಗೆ ಬರುವ ಕೆಟ್ಟ ರೋಗ. ಮೂಗು ಸೋರಿ, ಬಾಯಿ ಹುಣ್ಣಾಗಿ, ಭೇದಿ ಹಿಡಿದರೆ ಹಿಂಡಿಗೆ ಹಿಂಡೇ ಮಲಗಿಬಿಡುತ್ತದೆ. ಅದರ ಲಸಿಕೆಯ ಬಾಟಲಿಯನ್ನು ಒಮ್ಮೆ ಬಿಚ್ಚಿ ದ್ರವ ಬೆರೆಸಿದರೆ ಅವತ್ತೇ ಮುಗಿಸಬೇಕು, ಉಳಿದರೆ ಚೆಲ್ಲಬೇಕು. ಡಾಕ್ಟರಮ್ಮ ನನ್ನ ಪಟ್ಟಿಯನ್ನು ನಂಬಿ ಐಸ್ ಡಬ್ಬಿ ತುಂಬಾ ಬಾಟಲಿ ತಂದಿದ್ದರು. ಬೆಳಿಗ್ಗೆಯೇ ಅರ್ಧಕ್ಕರ್ಧ ಬೆರೆಸಿಟ್ಟರು. ಮಧ್ಯಾಹ್ನದ ಹೊತ್ತಿಗೆ ಕುರಿ ಮುಗಿದವು, ಲಸಿಕೆ ಮುಗಿಯಲಿಲ್ಲ.

ಅದೇ ಹೊತ್ತಿಗೆ ವಯಸ್ಸಾದ ಒಬ್ಬ ಸದಸ್ಯರು ಬೆಳಿಗ್ಗೆ ಬಂದುಹೋದ ಕುರಿಗಳನ್ನೇ ಮತ್ತೆ ಹೊಡೆದುಕೊಂಡು ಬಂದರು. ಅದು ಅವರ ಮೂರನೆಯ ಪ್ರಯಾಣ.

“ಯಾಕಜ್ಜ ಮತ್ತೆ ಬಂದೆ?” ಎಂದು ಕೇಳಿದೆ.

“ನೀನೇ ಮೂರು ಸಲ ಮೆಸೇಜ್ ಹಾಕೀಯಲ್ಲಪ್ಪ! ಮೂರು ಸಲ ಕರೆದ್ರೆ ಮೂರು ಸಲ ಬರಬೇಕಲ್ಲ?” ಎಂದರು ಅಜ್ಜ. ಕುರಿಗಳು ನನ್ನನ್ನು ನೋಡಿದ ರೀತಿ ಚೆನ್ನಾಗಿರಲಿಲ್ಲ.

ಡಾಕ್ಟರಮ್ಮ ಕೈಗವಸು ಬಿಚ್ಚುತ್ತಾ ಹೇಳಿದರು: “ಮಂಜುನಾಥ್ ಅವರೇ, ನಿಮ್ಮ ಪಟ್ಟಿಯಲ್ಲಿರೋ ಕುರಿ ಎಲ್ಲಾ ನಿಜವಾಗ್ಲೂ ಇದ್ದಿದ್ರೆ, ಈ ತಾಲ್ಲೂಕಿನಲ್ಲಿ ಮನುಷ್ಯರಿಗೆ ನಿಲ್ಲೋಕೆ ಜಾಗ ಇರ್ತಿರಲಿಲ್ಲ. ಮುಂದಿನ ಸಲ ಪಟ್ಟಿಯಲ್ಲಿ ಎಷ್ಟಿರುತ್ತೋ ಅಷ್ಟೇ ತರ್ತೀನಿ. ಒಂದು ಬಾಟಲಿನೂ ಜಾಸ್ತಿ ತರಲ್ಲ.”

ಅಧ್ಯಕ್ಷ ಓಬಳೇಶಪ್ಪನವರು ನನ್ನನ್ನು ಪಕ್ಕಕ್ಕೆ ಕರೆದರು. “ಮಂಜಣ್ಣ, ಮುಂದಿನ ವಾರ ಲಸಿಕೆ ಕ್ಯಾಂಪು ಬೆಳಿಗ್ಗೆ ಬಿಳಿಚೋಡು, ಮಧ್ಯಾಹ್ನ ಸೊಕ್ಕೆ. ಅಷ್ಟ್ರೊಳಗೆ ಈ ಜೋಡಿ ಹೆಸರೆಲ್ಲಾ ತೆಗೆಯಾಕೆ ಆಗುತ್ತೇನಪ್ಪ?”

“ಎರಡು ನಿಮಿಷದ ಕೆಲಸ ಸರ್!” ಎಂದೆ.

ಈ ವಾಕ್ಯವನ್ನು ಕಾನೂನು ಮಾಡಿ ನಿಷೇಧಿಸಬೇಕು.

ಮನೆಯಲ್ಲಿ ಹೆಂಡತಿ ಗಿರಿಜಳಿಗೆ ವಿಷಯ ಹೇಳಿದೆ. ಸಂಘದ ಭವಿಷ್ಯ ನನ್ನ ಬೆರಳ ತುದಿಯಲ್ಲಿದೆ ಎಂಬ ಅರ್ಥ ಬರುವಂತೆ ಹೇಳಿದೆ. ಅವಳು ಬಟ್ಟೆ ಮಡಚುತ್ತಿದ್ದಳು.

“ಜೋಡಿ ಇರೋದನ್ನ ತೆಗೆಯೋದು ಅಷ್ಟು ಚೆನ್ನಾಗಿ ಬರುತ್ತಾ ನಿಮಗೆ? ಹಂಗಾದ್ರೆ ಮೊದಲು ಈ ಬೀರು ನೋಡ್ರಿ. ಒಂದೇ ನಮೂನಿ ತೂತು ಬಿದ್ದ ಬನೀನು ಎಷ್ಟು ಅದಾವೆ ಅಂತ!”

ದೊಡ್ಡ ಕೆಲಸಕ್ಕೆ ಹೊರಟವನು ಇಂಥ ಮಾತಿಗೆ ಕಿವಿಗೊಡಬಾರದು. ಕೊಡಲಿಲ್ಲ.

ಮಾರನೆಯ ದಿನ ಕಚೇರಿಗೆ ಹೋದವನೇ ಚನ್ನಗಿರಿಯ ನಾಗರಾಜನಿಗೆ ಫೋನ್ ಹಚ್ಚಿದೆ. ಅವನು ನನ್ನ ಜೊತೆ ಡಿಪ್ಲೊಮಾ ಮಾಡಿದವನು. ಈಗ ಚನ್ನಗಿರಿಯಲ್ಲಿ ಜೆರಾಕ್ಸ್, ಆನ್‌ಲೈನ್ ಅರ್ಜಿ ಅಂತ ಒಂದು ಅಂಗಡಿ ಇಟ್ಟಿದ್ದಾನೆ. ಅವನ ಅಂಗಡಿಯಲ್ಲಿ ಸದಾ ಜನ. ಅವನು ನನ್ನ ಜೊತೆ ಮಾತಾಡುತ್ತಿದ್ದಾನೋ, ಗಿರಾಕಿಗಳ ಜೊತೆ ಮಾತಾಡುತ್ತಿದ್ದಾನೋ ತಿಳಿಯುವುದಿಲ್ಲ.

“ಏನಿಲ್ಲ ಮಂಜ, ಹೆಸರು, ಅಪ್ಪನ ಹೆಸರು, ಊರು ಮೂರೂ ಒಂದೇ ಇದ್ದು, ಒಂದಕ್ಕಿಂತ ಜಾಸ್ತಿ ಸಲ ಬಂದೋರು ಯಾರು ಅಂತ ಕೇಳು. ಅದು ತೋರಿಸುತ್ತೆ. ಅದನ್ನ ಅಳಿಸು, ಆದ್ರೆ... ಫೋಟೋ ಎರಡು ತಂದೀರೇನ್ರಿ? ಆಧಾರ್ ಕೊಡ್ರಿ... ಬ್ಯಾಕಪ್ ಐತೇನೋ?”

“ಐತೆ ಐತೆ!” ಎಂದೆ. ಪೆನ್‌ಡ್ರೈವಿನಲ್ಲಿ ಒಂದು ಪ್ರತಿ ಇತ್ತು. ಅವನು “ಆದ್ರೆ” ಎಂದದ್ದು ಏನೆಂದು ಕೇಳಬೇಕಿತ್ತು. ಅಷ್ಟರಲ್ಲಿ ಫೋನ್ ಇಟ್ಟಿದ್ದ.

ಕಂಪ್ಯೂಟರನ್ನು ಕೇಳಿದೆ. ಎರಡೆರಡು ಸಲ ಇದ್ದವರನ್ನೆಲ್ಲ ಅದು ಸಾಲಾಗಿ ತೋರಿಸಿತು. ಅಲ್ಲಿಯವರೆಗೆ ಎಲ್ಲವೂ ಶಾಸ್ತ್ರೋಕ್ತವಾಗಿತ್ತು. ಆಮೇಲೆ, “ಈ ಪಟ್ಟಿಯಲ್ಲಿರುವ ಹೆಸರಿನವರನ್ನೆಲ್ಲ ಅಳಿಸು” ಎಂದು ಅಪ್ಪಣೆ ಕೊಟ್ಟೆ.

ಸೇವ್ ಮಾಡುವಾಗ ಅಷ್ಟು ಸತಾಯಿಸುವ ಯಂತ್ರ ಅಳಿಸುವಾಗ ಕಣ್ಣು ಮಿಟುಕಿಸುವಷ್ಟು ಹೊತ್ತೂ ತೆಗೆದುಕೊಳ್ಳಲಿಲ್ಲ!

ಎಷ್ಟು ಹಗುರವಾಗಿದೆ ನೋಡೋಣ ಎಂದು ಕೋಷ್ಟಕ ತೆರೆದೆ. ಬಹಳ ಹಗುರವಾಗಿತ್ತು. ಬಿಳಿಚೋಡಿನಲ್ಲಿ ನನ್ನ ಅತ್ತೆ ಹನುಮಕ್ಕ ಇದ್ದಾರೆ, ಗಿರಿಜಳ ತಾಯಿ. ಮಾವನವರು ತೀರಿಕೊಂಡ ಮೇಲೆ ಒಬ್ಬರೇ ಮೂವತ್ತು ಕುರಿ ಸಾಕಿಕೊಂಡು, ಯಾರ ಮುಂದೆಯೂ ಕೈ ಚಾಚದೆ ಬದುಕುತ್ತಿರುವವರು. ಸಂಘದ ಹಳೆಯ ಸದಸ್ಯೆ. ಅವರ ಹೆಸರು ಎರಡು ಸಲ ಇದ್ದದ್ದು ನನಗೆ ಗೊತ್ತಿತ್ತು. ಹುಡುಕಿದೆ. ಇಬ್ಬರು ಹನುಮಕ್ಕರಲ್ಲಿ ಒಬ್ಬರು ಹೋಗಬೇಕಿತ್ತು. ಇಬ್ಬರೂ ಹೋಗಿದ್ದರು.

ಕಂಪ್ಯೂಟರಿನ ತಪ್ಪಿಲ್ಲ. ಎರಡು ಸಲ ಇದ್ದವರನ್ನು ಅಳಿಸು ಎಂದಿದ್ದೆ, ಅಳಿಸಿತ್ತು. ಒಂದನ್ನು ಉಳಿಸು ಎಂದು ನಾನು ಹೇಳಿರಲಿಲ್ಲ. ಈಗ ಸಂಘದಲ್ಲಿ ಉಳಿದವರು ಯಾರೆಂದರೆ, ಎಂದೋ ಒಂದು ದಿನ ಬಂದು ಹೆಸರು ಬರೆಸಿ ಮತ್ತೆ ಮುಖ ತೋರಿಸದವರು. ನಿಷ್ಠಾವಂತರೆಲ್ಲ ನಿರ್ನಾಮ! ಓಬಳೇಶಪ್ಪನವರನ್ನು ಹುಡುಕಿದೆ. ಅವರೂ ಇರಲಿಲ್ಲ. ಸಂಘಕ್ಕೆ ಅಧ್ಯಕ್ಷರಿದ್ದರು, ಆದರೆ ಅಧ್ಯಕ್ಷರು ಸಂಘದಲ್ಲಿ ಇರಲಿಲ್ಲ.

ಊಟಕ್ಕೆ ಮನೆಗೆ ಬಂದೆ. ಗಿರಿಜ ಬಾಗಿಲಲ್ಲೇ ಗಮನಿಸಿದಳು.

“ಏನ್ರಿ, ಮುಖ ಯಾಕೆ ಹಿಂಗೈತೆ?”

ನಾನು ಯೋಚಿಸಿ ಮಾತಾಡಬೇಕಿತ್ತು. ಆದರೆ ಆ ಹೊತ್ತಿನಲ್ಲಿ ಬಾಯಿಗೆ ಬಂದದ್ದು ಇಷ್ಟೇ: “ಗಿರಿಜಾ... ನಿಮ್ಮವ್ವ ಹೋಗಿಬಿಟ್ರು.”

ಅವಳ ಕೈಯಲ್ಲಿದ್ದ ಸಾರಿನ ಸೌಟು ಬಿತ್ತು. “ಅಯ್ಯೋ ಅವ್ವಾ!” ಎಂದು ಅವಳು ಕೂಗಿದ ಕೂಗಿಗೆ ಪಕ್ಕದ ಮನೆಯ ಮುಮ್ತಾಜಕ್ಕ ಹೊಲಿಗೆ ಮಿಷನ್ ಬಿಟ್ಟು ಓಡಿ ಬಂದರು. ಅವರ ಕೊರಳಲ್ಲಿ ಅಳತೆ ಟೇಪು ಹಾಗೇ ಇತ್ತು.

“ಯಾ ಅಲ್ಲಾ, ಏನಾಯ್ತು ಗಿರಿಜಾ? ಯಾವಾಗಾಯ್ತು? ನಿನ್ನೆ ಸಂತ್ಯಾಗೆ ನೋಡಿದ್ನಲ್ಲೇ, ಗಟ್ಟಿಮುಟ್ಟಾಗಿದ್ರು!”

“ಇಲ್ಲ ಮುಮ್ತಾಜಕ್ಕ, ಹಂಗಲ್ಲ...” ಎಂದು ನಾನು ತೊದಲಿದೆ.

“ನೀವು ಸುಮ್ನಿರ್ರಿ ಮಂಜಣ್ಣ, ಗಂಡಸ್ರಾಗಿ ಧೈರ್ಯ ತಗೊಳ್ರಿ! ನಾನು ಆಟೋ ಕರೀತೀನಿ.”

“ಕಂಪ್ಯೂಟರಿನಿಂದ ಹೋದ್ರು!” ಎಂದು ಕಿರುಚಿದೆ. “ಅವ್ರ ಹೆಸರು ಕಂಪ್ಯೂಟರಿನಿಂದ ಹೋಯ್ತು! ಮನುಷ್ಯರು ಬಿಳಿಚೋಡಲ್ಲೇ ಅದಾರೆ!”

ಗಿರಿಜ ಕೂಡಲೇ ತಾಯಿಗೆ ಫೋನ್ ಮಾಡಿದಳು. ಆ ಕಡೆಯಿಂದ ಅತ್ತೆಯ ದನಿ ನನಗೂ ಕೇಳಿಸಿತು: “ಏನೇ ಗಿರಿಜಾ? ಬೇಗ ಹೇಳು, ಮರಿ ಬೇಲಿ ಹಾರೈತೆ.” ಗಿರಿಜ ಕಣ್ಣೊರೆಸಿಕೊಂಡು, “ಏನಿಲ್ಲವ್ವ, ಸುಮ್ನೆ ಮಾಡ್ದೆ” ಎಂದು ಇಟ್ಟಳು. ಆಮೇಲೆ ನನ್ನ ಕಡೆ ತಿರುಗಿದಳು. ಅವತ್ತು ಮಧ್ಯಾಹ್ನ ನನಗೆ ಊಟ ಸಿಕ್ಕಿತೇ ಎಂದು ದಯವಿಟ್ಟು ಕೇಳಬೇಡಿ.

ಹಸಿದ ಹೊಟ್ಟೆಯಲ್ಲೇ ಕಚೇರಿಗೆ ಮರಳಿ ಪೆನ್‌ಡ್ರೈವ್ ಚುಚ್ಚಿದೆ. ಈ ಸಲ ಕಂಪ್ಯೂಟರ್ ಒಂದು ಪ್ರಶ್ನೆ ಕೇಳಿತು: ಈಗ ಇರುವುದನ್ನು ತೆಗೆದು ಹಾಕಬೇಕೋ, ಇರುವುದರ ಜೊತೆಗೆ ಸೇರಿಸಬೇಕೋ? ಬೆಳಿಗ್ಗೆಯಿಂದ ತೆಗೆದು ತೆಗೆದು ಸುಸ್ತಾಗಿದ್ದೆ. ಇನ್ನು ಯಾರನ್ನೂ ತೆಗೆಯುವುದು ಬೇಡ ಎಂಬ ಒಳ್ಳೆಯ ಬುದ್ಧಿಯಿಂದ “ಸೇರಿಸು” ಎಂದೆ. ಯಂತ್ರ ಅಲುಗಲಿಲ್ಲ. ಮತ್ತೊಮ್ಮೆ ಒತ್ತಿದೆ.

ಎರಡೂ ಸಲ ಕೇಳಿಸಿತ್ತು!

ಎರಡಿದ್ದವರು ನಾಲ್ಕಾಗಿ ಬಂದರು. ಮೂರಿದ್ದವರು ಆರಾದರು. ಪಾಪ, ಒಂಟಿಯಾಗಿ ಉಳಿದಿದ್ದವರಿಗೂ ಇಬ್ಬಿಬ್ಬರು ಜೊತೆಗಾರರು ಸಿಕ್ಕರು. ಓಬಳೇಶಪ್ಪನವರು ಎಂಟು ಜನರಾಗಿ ಅವತರಿಸಿದ್ದರು. ಒಬ್ಬರು ಬೈದರೇ ತಡೆಯಲಾಗದು; ಎಂಟು ಜನ ಬೈದರೆ ಹೇಗಿರಬಹುದು ಎಂದು ಯೋಚಿಸುತ್ತಾ ಸ್ವಲ್ಪ ಹೊತ್ತು ಕುಳಿತೆ.

ಮತ್ತೆ ನಾಗರಾಜ. ಈ ಸಲ ಅವನು ಗಿರಾಕಿಗಳನ್ನು ಬಿಟ್ಟು ಹೊರಗೆ ಬಂದು ಮಾತಾಡಿದ.

“ಅಲ್ಲೋ ಮಾರಾಯ, ನಾನು ಹೇಳೋದು ಪೂರ್ತಿ ಕೇಳಬಾರದಾ? ಒಂದೇ ಹೆಸರು, ಒಂದೇ ಅಪ್ಪ, ಒಂದೇ ಊರು ಇರೋರನ್ನ ಒಂದೊಂದು ಗುಂಪು ಮಾಡು. ಗುಂಪಿಗೆ ಒಂದು ಸಾಲು, ಕ್ರಮಸಂಖ್ಯೆ ಎಲ್ಲಕ್ಕಿಂತ ಕಮ್ಮಿ ಇರೋದು, ಅದನ್ನ ಉಳಿಸ್ಕೊ. ಮಿಕ್ಕಿದ್ದು ಅಳಿಸು. ಅಳಿಸೋ ಮುಂಚೆ ಯಾರ್ಯಾರು ಹೋಗ್ತಾರೆ ಅಂತ ಒಂದ್ಸಲ ಪೂರ್ತಿ ನೋಡ್ಕೊ. ತಿಳೀತಾ?”

“ತಿಳೀತು.”

“ಏನು ತಿಳೀತು, ಹೇಳು ನೋಡೋಣ.”

ನನ್ನನ್ನು ಶಾಲೆಯ ಹುಡುಗನಂತೆ ಪಾಠ ಒಪ್ಪಿಸಲು ಹೇಳಿದ! ಒಪ್ಪಿಸಿದೆ. ಹೇಳಿದಂತೆಯೇ ಮಾಡಿದೆ. ಯಾರ್ಯಾರು ಹೋಗುತ್ತಾರೆ ಎಂದು ನೋಡಿದೆ ಕೂಡ. ಪೂರ್ತಿ ಅಲ್ಲ, ಮೊದಲ ಪುಟ. ಮೊದಲ ಪುಟ ಚೆನ್ನಾಗಿದ್ದರೆ ಉಳಿದದ್ದೂ ಚೆನ್ನಾಗಿರುತ್ತದೆ ಎಂಬ ನಂಬಿಕೆ ನನ್ನದು. ಅಳಿಸಿದೆ.

ಕೋಷ್ಟಕ ತೊಳೆದಿಟ್ಟ ಬಟ್ಟಲಿನ ಹಾಗೆ ಹೊಳೆಯಿತು. ಹನುಮಕ್ಕ ಒಬ್ಬರು. ಓಬಳೇಶಪ್ಪ ಒಬ್ಬರು. ಯಾರೂ ಎರಡಿಲ್ಲ! ಪಟ್ಟಿ ತೆಗೆದು ಡಾಕ್ಟರಮ್ಮನಿಗೆ ಕಳಿಸಿದೆ, ಸದಸ್ಯರಿಗೆ ಮೆಸೇಜ್ ಬಿಟ್ಟೆ. ಅಧ್ಯಕ್ಷರು ಬೆನ್ನು ತಟ್ಟಿ, ಕಚೇರಿಗೆಲ್ಲ ಮಿರ್ಚಿ ಬಜ್ಜಿ ತರಿಸಿದರು. ನಾನು ನಾಲ್ಕು ತಿಂದೆ. ಅಷ್ಟು ತಿನ್ನಬಾರದಿತ್ತು ಎಂದು ಈಗ ಅನಿಸುತ್ತದೆ.

ಕ್ಯಾಂಪಿನ ದಿನ ಡಾಕ್ಟರಮ್ಮ ಬೆಳಿಗ್ಗೆ ಬಿಳಿಚೋಡು ಮುಗಿಸಿಕೊಂಡು ಮಧ್ಯಾಹ್ನ ಸೊಕ್ಕೆಗೆ ಬಂದರು. ನಾನು ಬೆಳಿಗ್ಗೆಯ ಬಸ್ಸಿಗೇ ನೇರವಾಗಿ ಸೊಕ್ಕೆಗೆ ಹೋಗಿ ಬೇವಿನ ಮರದ ಕೆಳಗೆ ಟೇಬಲ್ ಹಾಕಿಸಿ, ಪಟ್ಟಿ ಹರಡಿಕೊಂಡು ಮದುಮಗನಂತೆ ಕೂತಿದ್ದೆ. ಎಲ್ಲಿ ನೋಡಿದರೂ ಕುರಿ. ಧೂಳು, ಕಂಬಳಿ, ಕೂಗಾಟ.

ಮೊದಲು ಬಂದವರು ಗಡ್ಡ ಬಿಟ್ಟವರು.

“ಹೆಸರು?”

“ತಿಪ್ಪೇಸ್ವಾಮಿ. ಅಪ್ಪನ ಹೆಸರು ತಿಪ್ಪಣ್ಣ.”

ಪಟ್ಟಿಯಲ್ಲಿ ಇತ್ತು. ಗುರುತು ಹಾಕಿದೆ. ಅವರ ಕುರಿಗಳಿಗೆ ಲಸಿಕೆ ಆಯಿತು. ಸ್ವಲ್ಪ ಹೊತ್ತಿನ ಮೇಲೆ ಒಬ್ಬ ಎತ್ತರದ ಮನುಷ್ಯ ಬಂದ.

“ತಿಪ್ಪೇಸ್ವಾಮಿ. ತಿಪ್ಪಣ್ಣನ ಮಗ.”

“ನಿಮ್ದು ಆಯ್ತಲ್ಲ!”

“ಎಲ್ಲಾಯ್ತು? ಈಗ ಬರ್ತಿದೀನಿ. ಕುರಿ ಇನ್ನೂ ದಾರ್ಯಾಗದಾವೆ.”

ನಾನು ಪಟ್ಟಿ ನೋಡಿದೆ. ಸೊಕ್ಕೆ, ತಿಪ್ಪೇಸ್ವಾಮಿ, ತಂದೆ ತಿಪ್ಪಣ್ಣ, ಒಂದು ಸಾಲು. ಮುಂದೆ ಗುರುತು. ಅಷ್ಟರಲ್ಲಿ ಹಿಂದಿನಿಂದ ಇನ್ನೊಂದು ದನಿ: “ರೀ, ಬೇಗ ಮಾಡ್ರಿ, ನಂದೂ ಐತೆ. ತಿಪ್ಪೇಸ್ವಾಮಿ, ಅಪ್ಪ ತಿಪ್ಪಣ್ಣ.”

“ಮೂರೂ ಜನ ಒಬ್ಬರೇ ಅಂದ್ಕೊಂಡು...” ಎಂದು ನಾನು ಶುರು ಮಾಡಿದೆ.

“ಏನು? ನಾವು ಮೂರು ಜನ ಒಬ್ರೇನಾ?” ಎತ್ತರದವರು ಸೊಂಟಕ್ಕೆ ಕೈ ಕೊಟ್ಟು ನಿಂತರು. “ನಮ್ಮ ಮೂರೂ ಜನರ ಅಪ್ಪಂದಿರು ಬೇರೆ ಬೇರೆ ರೀ! ಮೂವರ ಹೆಸರೂ ತಿಪ್ಪಣ್ಣ ಅಷ್ಟೇ. ನೀವು ಹಿಂಗೆಲ್ಲಾ ಬರದ್ರೆ ಊರಾಗೆ ನಮ್ಮವ್ವಂದಿರ ಬಗ್ಗೆ ಏನಂದ್ಕೊಂತಾರೆ?”

ಸುತ್ತಲಿದ್ದವರು ಗೊಳ್ಳೆಂದು ನಕ್ಕರು. ನನಗೆ ನಗು ಬರಲಿಲ್ಲ.

“ಸಾರ್, ನಮ್ಮೂರಾಗೆ ಈ ಹೆಸರಿನೋರು ಎಷ್ಟು ಜನ ಅದಾರೆ ಅಂತ ನಿಮ್ಮ ಕಂಪ್ಯೂಟರಿಗೆ ಗೊತ್ತೈತಾ?” ಎಂದರು ಮೂರನೆಯವರು. “ಒಂದ್ಸಲ ತಿಪ್ಪೇಸ್ವಾಮೀ ಅಂತ ಜೋರಾಗಿ ಕೂಗಿ ನೋಡ್ರಿ.”

ಕೂಗಬಾರದಿತ್ತು. ಕೂಗಿದೆ. ಹತ್ತಿರ ಇದ್ದವರು, ದೂರ ಇದ್ದವರು, ಬೀಡಿ ಸೇದುತ್ತಿದ್ದವರು, ಕುರಿ ಹಿಡಿದಿದ್ದವರು, ಎಷ್ಟೋ ಜನ ಒಟ್ಟಿಗೆ “ಆಂ?” ಎಂದು ತಿರುಗಿದರು. ಅವರಲ್ಲಿ ಕೆಲವರ ಕೈಯಿಂದ ಕುರಿ ತಪ್ಪಿಸಿಕೊಂಡವು.

ಗಡ್ಡದ ತಿಪ್ಪೇಸ್ವಾಮಿಯವರು, ತಮ್ಮ ಕೆಲಸ ಆಗಿದ್ದರಿಂದ, ಸಮಾಧಾನವಾಗಿ ಸಲಹೆ ಕೊಟ್ಟರು: “ಕುರಿಗಾದ್ರೆ ಕಿವಿಗೊಂದು ನಂಬರಿನ ಬಿಲ್ಲೆ ಹೊಡೆದೀರಿ. ಒಂದರ ನಂಬರ್ ಇನ್ನೊಂದಕ್ಕೆ ಇಲ್ಲ. ನಮಗೂ ಒಂದೊಂದು ಹೊಡೆದುಬಿಡ್ರಿ, ಗಲಾಟೆನೇ ಇರಲ್ಲ.”

ಮಲ್ಲಪ್ಪಂದಿರು, ಓಬಣ್ಣಂದಿರು, ಹನುಮಂತಪ್ಪಂದಿರು ಒಬ್ಬೊಬ್ಬರಾಗಿ ಹೀಗೆಯೇ ಎದ್ದು ಬಂದರು. ಡಾಕ್ಟರಮ್ಮ ಐಸ್ ಡಬ್ಬಿಯನ್ನು ನನ್ನ ಮುಂದೆ ತೆರೆದು ತೋರಿಸಿದರು. ಒಳಗೆ ಐಸ್ ಮಾತ್ರ ಇತ್ತು.

“ಹೋದ ಸಲ ಇಲ್ಲದ ಕುರಿಗೆಲ್ಲ ಲಸಿಕೆ ತರಿಸಿದ್ರಿ. ಈ ಸಲ ಇರೋ ಕುರಿಗಿಲ್ಲ. ಇನ್ನು ಸ್ಟಾಕ್ ಬರೋವರೆಗೂ ಕಾಯಬೇಕು. ಯಾವಾಗ ಬರುತ್ತೋ ನಂಗೂ ಗೊತ್ತಿಲ್ಲ. ಆ ಕಡೆ ಊರಲ್ಲಿ ಹಿರೇಬೇನೆ ಬಂದಿದೆ ಅಂತ ಸುದ್ದಿ ಇದೆ, ಗೊತ್ತಾ ನಿಮಗೆ?”

ಎತ್ತರದ ತಿಪ್ಪೇಸ್ವಾಮಿಯವರು ಆಗತಾನೇ ಬಂದು ಸೇರಿದ್ದ ತಮ್ಮ ಕುರಿಗಳ ಕಡೆ ನೋಡಿದರು. ಆಮೇಲೆ ನನ್ನ ಕಡೆ ನೋಡಿದರು. ಬೈದಿದ್ದರೆ ಚೆನ್ನಾಗಿತ್ತು. ಕಂಬಳಿ ಹೆಗಲಿಗೆ ಹಾಕಿಕೊಂಡು ಹಿಂಡನ್ನು ತಿರುಗಿಸಿದರು.

ಅದೇ ಗಳಿಗೆಗೆ ನನ್ನ ಫೋನ್ ಹೊಡೆದುಕೊಂಡಿತು. ಗೊತ್ತಿಲ್ಲದ ನಂಬರ್.

“ನಮಸ್ಕಾರ ರೀ, ನಾನು ಹೊನ್ನಾಳಿಯಿಂದ ಮಾತಾಡೋದು. ‘ಹನುಮಕ್ಕ ಅವರೇ, ನಿಮ್ಮ ಮೂವತ್ತು ಕುರಿ ಹೊಡ್ಕೊಂಡು ಬಿಳಿಚೋಡಿಗೆ ಬರ್ರಿ’ ಅಂತ ನನಗೆ ಮೆಸೇಜ್ ಬಂದೈತೆ, ಕೆಳಗೆ ನಿಮ್ಮ ನಂಬರ್ ಇತ್ತು. ನನ್ನ ಹೆಸರು ಹನುಮಕ್ಕ ಅಲ್ಲ ರೀ. ಕುರಿನೂ ಇಲ್ಲ. ಒಂದು ಬೇಕರಿ ಐತೆ. ಬರಬೇಕಾ?”

ಕ್ಷಮೆ ಕೇಳಿ ಫೋನ್ ಇಟ್ಟೆ. ಆಗ ಹೊಳೆಯಿತು. ಕ್ರಮಸಂಖ್ಯೆ ಕಡಿಮೆ ಇರುವ ಸಾಲು ಎಂದರೆ ಎಲ್ಲಕ್ಕಿಂತ ಹಳೆಯ ಸಾಲು. ಅತ್ತೆಯ ಹಳೆಯ ಸಾಲಿನಲ್ಲಿದ್ದದ್ದು ಮಾವನವರ ನಂಬರ್. ಅವರು ಹೋದ ಮೇಲೆ ಆ ಸಿಮ್ ನಿಂತುಹೋಗಿ, ಆ ನಂಬರ್ ಹೊನ್ನಾಳಿಯ ಬೇಕರಿಯವರಿಗೆ ಸಿಕ್ಕಿದೆ. ಅತ್ತೆಯ ಹೊಸ ನಂಬರ್ ಇದ್ದ ಸಾಲನ್ನು, ಅದು ಎರಡನೆಯದೆಂದು, ನಾನೇ ಅಳಿಸಿದ್ದೆ! ಎರಡು ಸಾಲು ಒಂದೇ ಆಗಿರಲಿಲ್ಲ. ಒಂದು ಹಳತು, ಒಂದು ಸರಿಯಾದದ್ದು. ನಾನು ಹಳತನ್ನು ಜೋಪಾನ ಮಾಡಿ ಸರಿಯಾದದ್ದನ್ನು ಎಸೆದಿದ್ದೆ. ಅತ್ತೆಗೆ ಮೆಸೇಜೇ ಹೋಗಿರಲಿಲ್ಲ. ಬೆಳಿಗ್ಗೆ ಬಿಳಿಚೋಡಿನಲ್ಲಿ ಡಾಕ್ಟರಮ್ಮ ಬಂದಾಗ ಅವರು ಕುರಿ ಹೊಡೆದುಕೊಂಡು ದೂರದ ಬಯಲಿಗೆ ಮೇಯಿಸಲು ಹೋಗಿದ್ದರು.

ಮನೆಗೆ ಬಂದಾಗ ಗಿರಿಜ ಏನೂ ಕೇಳಲಿಲ್ಲ. ಅವಳಿಗೆ ಆಗಲೇ ತಾಯಿಯಿಂದ ಎಲ್ಲ ಗೊತ್ತಾಗಿತ್ತು. ತಟ್ಟೆ ಇಟ್ಟಳು, ಬಡಿಸಿದಳು, ಎದ್ದುಹೋದಳು. ಅವಳು ಜಗಳವಾಡುವಾಗ ನನಗೆ ಹೆದರಿಕೆಯಿಲ್ಲ. ಸುಮ್ಮನಿದ್ದರೆ ಬಹಳ ಹೆದರಿಕೆ.

ಲಸಿಕೆ ಬರುವವರೆಗಿನ ಆ ದಿನಗಳನ್ನು ನಾನು ಹೇಗೆ ಕಳೆದೆನೋ. ಯಾರ ಫೋನ್ ಬಂದರೂ ಕುರಿ ಸತ್ತ ಸುದ್ದಿಯೇ ಎಂದು ಮೊದಲು ಅದನ್ನೇ ಕೇಳುತ್ತಿದ್ದೆ. ಅತ್ತೆಯ ಒಂದು ಕುರಿಗೆ ಮೂಗು ಸೋರುತ್ತಿದೆ ಎಂದು ತಿಳಿದಾಗಿನಿಂದ ದಿನಾ ಬೆಳಿಗ್ಗೆ ಬಿಳಿಚೋಡಿಗೆ ಫೋನ್ ಮಾಡತೊಡಗಿದೆ.

“ಅತ್ತೆ, ಕುರಿ ಹೆಂಗೈತೆ? ಮೇಯ್ತಾ? ಕೆಮ್ಮುತ್ತಾ?”

ಮೊದಲ ಎರಡು ದಿನ ಅವರು ಉತ್ತರ ಕೊಟ್ಟರು. ಮೂರನೆಯ ದಿನ ಹೇಳಿದರು: “ಅಳಿಯಂದ್ರೇ, ಮದುವೆ ಆಗಿ ಇಷ್ಟು ವರ್ಷ ಆತು. ಅತ್ತೆ ಹೆಂಗದೀರಿ, ಮಂಡಿ ನೋವು ಹೆಂಗೈತೆ ಅಂತ ಒಂದಿನ ಫೋನ್ ಮಾಡಿಲ್ಲ. ಕುರಿಗೆ ನೆಗಡಿ ಆದ್ರೆ ದಿನಾ ಮಾಡ್ತೀರಲ್ಲ!”

ಸದ್ಯ, ಅದು ನೆಗಡಿಯೇ ಆಗಿತ್ತು. ಪಕ್ಕದ ಕಣದಲ್ಲಿ ಮೆಕ್ಕೆಜೋಳ ಬಿಡಿಸುವ ಮಿಷನ್ ಎಬ್ಬಿಸಿದ ಧೂಳು ಅದರ ಮೂಗಿಗೆ ಹೋಗಿತ್ತು. ಕೊನೆಗೊಂದು ದಿನ ಲಸಿಕೆಯೂ ಬಂತು, ಅತ್ತೆಯ ಕುರಿಗಳಿಗೂ ಹಾಕಿದ್ದಾಯಿತು. ನಾನು ಡಾಕ್ಟರಮ್ಮನ ಜೀಪಿನಲ್ಲಿ ಐಸ್ ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಸೊಕ್ಕೆಗೆ ಹೋದೆ. ತೊಡೆ ಮರಗಟ್ಟಿತು, ಇಳಿಸಲಿಲ್ಲ. ಎತ್ತರದ ತಿಪ್ಪೇಸ್ವಾಮಿಯವರ ಕೊನೆಯ ಕುರಿಗೆ ಸೂಜಿ ಚುಚ್ಚಿದ ಮೇಲೆ ಅವರು ಒಂದು ಲೋಟ ಮಜ್ಜಿಗೆ ತಂದು ಕೊಟ್ಟರು. “ತಗೊಳ್ರಿ. ಬಿಸಿಲಾಗೆ ಬಂದೀರಿ” ಎಂದರು. ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಒಂದು ಹನಿಯೂ ಬಿಡದೆ ಕುಡಿದೆ.

ಸಂಘದಲ್ಲಿ ಸಭೆ ಸೇರಿತು. ಇನ್ನು ಮುಂದೆ ಜೋಡಿ ಸಾಲು ಬರದಂತೆ ಏನು ಮಾಡುವುದು? ನಾನು ಎದ್ದು ನಿಂತು, “ಒಂದು ಫೋನ್ ನಂಬರಿಗೆ ಒಂದೇ ಸಾಲು ಅಂತ ನಿಯಮ ಹಾಕಿಬಿಡೋಣ” ಎಂದೆ. ನನಗಿನ್ನೂ ಬುದ್ಧಿ ಬಂದಿರಲಿಲ್ಲ.

ಓಬಳೇಶಪ್ಪನವರು ಕನ್ನಡಕ ತೆಗೆದರು. “ಮಂಜಣ್ಣ, ನಮ್ಮನೇಲಿ ನಾನು, ನಮ್ಮ ತಮ್ಮ, ನಮ್ಮವ್ವ ಮೂರೂ ಜನ ಸದಸ್ಯರು. ಇರೋದು ಒಂದೇ ಫೋನು. ಈಗ ನಮ್ಮವ್ವನ್ನ ತೆಗೀತೀಯೋ, ನನ್ನ ತೆಗೀತೀಯೋ?”

ನಾನು ಕೂತೆ. ಕೊನೆಗೆ ತೀರ್ಮಾನವಾಯಿತು: ಪ್ರತಿ ಸದಸ್ಯರಿಗೂ ಅವರದೇ ಆದ ಒಂದು ಸದಸ್ಯತ್ವ ಸಂಖ್ಯೆ. ಒಂದು ಸಂಖ್ಯೆ ಎರಡನೆಯ ಸಲ ಬಂದರೆ ಕಂಪ್ಯೂಟರೇ ಒಪ್ಪಬಾರದು. ಆ ಸಂಖ್ಯೆ ಕೊಡಲು ಮನೆಮನೆಗೆ ಹೋಗಿ ಮುಖ ನೋಡಿ ವಿವರ ಬರೆದುಕೊಳ್ಳಬೇಕು. ಯಾರು ಹೋಗಬೇಕು ಎಂದು ಯಾರೂ ಕೇಳಲಿಲ್ಲ. ಎಲ್ಲರೂ ನನ್ನ ಕಡೆ ನೋಡಿದರು.

ಹೀಗೆ ನಾನು ಊರೂರು ಅಲೆದೆ. ಬಸ್ಸಿನಲ್ಲಿ, ಲಗೇಜ್ ಆಟೋದಲ್ಲಿ, ಕಾಲ್ನಡಿಗೆಯಲ್ಲಿ. ಬಿಸಿಲಿಗೆ ಕಪ್ಪಾದೆ. ಸೊಕ್ಕೆಯಲ್ಲಿ ನಾಯಿಗಳಿಗೂ ನನ್ನ ಗುರುತಾಯಿತು. ಬಿಳಿಚೋಡನ್ನು ಮಾತ್ರ ಕೊನೆಗೆ ಇಟ್ಟುಕೊಂಡಿದ್ದೆ. ಆ ಭಾನುವಾರ ಗಿರಿಜಳೂ ತವರಿಗೆಂದು ಜೊತೆಗೆ ಬಂದಳು. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು, ದಾರಿಯುದ್ದಕ್ಕೂ ಹೊರಗೇ ನೋಡುತ್ತಿದ್ದಳು.

ಅತ್ತೆ ಜಗಲಿಯ ಮೇಲೆ ಮೊರ ಇಟ್ಟುಕೊಂಡು ಶೇಂಗ ಬಿಡಿಸುತ್ತಿದ್ದರು. ಮಗಳನ್ನು ಒಳಗೆ ಕರೆದರು. ನನಗೆ ಜಗಲಿಯನ್ನೇ ತೋರಿಸಿದರು.

“ಬರ್ರಿ, ಕೂತ್ಕೊಳ್ರಿ. ಅದೇನು ಕೇಳಾಕೆ ಬಂದೀರೋ ಕೇಳ್ರಿ.”

“ಹೆಸರು ಅತ್ತೆ?”

“ಗೊತ್ತಿಲ್ವಾ?”

“ಗೊತ್ತು. ಆದ್ರೆ ಎಲ್ಲರನ್ನೂ ಕೇಳಿ ಬರೆಯಬೇಕು ಅಂತ ನಿಯಮ ಐತೆ.”

“ಹನುಮಕ್ಕ. ಬದುಕಿದೀನಿ ಅಂತನೂ ಬರ್ಕೊಳ್ರಿ. ಅವತ್ತು ಮುಮ್ತಾಜು ಫೋನ್ ಮಾಡಿ ಎಲ್ಲಾ ಹೇಳಿದ್ಲು.”

ತಲೆ ತಗ್ಗಿಸಿ ಬರೆದುಕೊಂಡೆ. ಗಂಡನ ಹೆಸರು, ಊರು, ಈಗಿನ ಫೋನ್ ನಂಬರ್, ಕುರಿ ಎಷ್ಟು. ಅವರು ಒಂದೊಂದನ್ನೂ ನಿಧಾನವಾಗಿ, ಮಗುವಿಗೆ ಹೇಳಿದಂತೆ ಹೇಳಿದರು. ನಾನು ಬರೆದದ್ದನ್ನು ಓದಿಸಿ ಕೇಳಿದರು. ಆಮೇಲೆ ಒಂದು ಶೇಂಗ ಒಡೆದು ಬಾಯಿಗೆ ಹಾಕಿಕೊಂಡು ಅಂದರು:

“ಒಂದು ಮಾತು ಕೇಳ್ಲಾ ಅಳಿಯಂದ್ರೇ? ಒಂದೇ ನಮೂನಿ ಇಬ್ರಿದ್ರೆ ಹಳಬ್ರನ್ನ ಇಟ್ಕೊಂಡು ಹೊಸಬ್ರನ್ನ ತೆಗೀತೀರಂತಲ್ಲ?”

“ಹೌದು ಅತ್ತೆ. ಮೊದಲು ಹಂಗೇ ಮಾಡಿದ್ವಿ.”

“ನಂಗೆ ಅಳಿಯಂದ್ರು ನೀವೊಬ್ರೇ ಆಗಿಬಿಟ್ರಿ. ಇನ್ನೊಬ್ರು ಇದ್ದಿದ್ರೆ ಹಳಬ್ರು ಹೊಸಬ್ರು ಅಂತ ನಾನು ನೋಡ್ತಿರಲಿಲ್ಲ. ಯಾರನ್ನ ತೆಗೀಬೇಕು ಅಂತ ಚೆನ್ನಾಗಿ ಗೊತ್ತಾಗ್ತಿತ್ತು.”

ಒಳಗಿನಿಂದ ಗಿರಿಜ ನಕ್ಕಳು. ಸೊಕ್ಕೆಯ ಕ್ಯಾಂಪಿನ ನಂತರ ಅವಳು ನಕ್ಕದ್ದು ಅದೇ ಮೊದಲು. ನಗಲಿ, ಅದು ನನ್ನ ಮೇಲಾದರೂ ಆಗಲಿ ಎಂದುಕೊಂಡೆ. ಅತ್ತೆಯನ್ನು ಇನ್ನಷ್ಟು ಒಲಿಸಿಕೊಳ್ಳೋಣವೆಂದು ಹತ್ತಿರ ಸರಿದು, ಅವರ ಜೊತೆ ನಾನೂ ಶೇಂಗ ಬಿಡಿಸತೊಡಗಿದೆ. ಬಹಳ ಶ್ರದ್ಧೆಯಿಂದ ಬಿಡಿಸಿದೆ.

ಸ್ವಲ್ಪ ಹೊತ್ತಿಗೆ ಅತ್ತೆ ಮೊರದ ಕಡೆ ನೋಡಿದರು. ನಾನು ಬೀಜವನ್ನೂ ಸಿಪ್ಪೆಯನ್ನೂ ಒಟ್ಟಿಗೆ ಅದರೊಳಗೇ ಹಾಕುತ್ತಿದ್ದೆ. ಅವರು ಮೊರವನ್ನು ಮೆಲ್ಲಗೆ ತಮ್ಮ ಕಡೆಗೆ ಎಳೆದುಕೊಂಡರು.